ಎರಡು ಹೆಸರಿನ ತಾಯಂದಿರು, ಹತ್ತು ಫ್ಲಾಪಿ

ಹಾರ್ಡ್ ಡಿಸ್ಕಿಗೂ ದನಿ ಇರುತ್ತದೆ ಎಂಬುದು ನನಗೆ ಆ ಬೆಳಿಗ್ಗೆಯವರೆಗೆ ಗೊತ್ತಿರಲಿಲ್ಲ. ಎಂಬತ್ತರ ದಶಕ ಮುಗಿಯಲು ಬಂದಿತ್ತು. ಬೆಟಗೇರಿಯ ನಮ್ಮ ಹೆರಿಗೆ ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಹಳೆಯ ಇಳಕಲ್ ಸೀರೆಯಲ್ಲಿ ಹೊಲಿಸಿದ ಮುಸುಕು ಹೊದ್ದುಕೊಂಡು ನಮ್ಮ ಕಂಪ್ಯೂಟರ್ ಕೂತು ಕೆಲವು ವರ್ಷಗಳೇ ಆಗಿದ್ದವು. ಅವತ್ತು ಎಂದಿನಂತೆ ಮುಸುಕು ತೆಗೆದು ಸ್ವಿಚ್ ಹಾಕಿದೆ ನೋಡಿ, ಒಳಗಿನಿಂದ ಬೀಸುವ ಕಲ್ಲಿಗೆ ಹರಳು ಸಿಕ್ಕಂತೆ ಕರಕರ, ಕರಕರ.

"ಬಾಯಾರ, ಒಳಗ ಇಲಿ ಹೊಕ್ಕಾವೇನ್ರಿ?" ಎಂದರು ನಮ್ಮ ಹೆಡ್ ನರ್ಸ್. ತಾಯಂದಿರ ವಿವರಗಳನ್ನು ಕಂಪ್ಯೂಟರಿಗೆ ಟೈಪ್ ಮಾಡುವುದು ಅವರ ಕೆಲಸ, ಟೈಪ್ ಆದದ್ದನ್ನು ಜೋಪಾನ ಮಾಡುವುದು ನನ್ನದು.

"ಇಲಿ ಅಲ್ರಿ ಸಿಸ್ಟರ್, ಹೊಟ್ಟಿ ಕೆಟ್ಟೈತಿ ಇದರದು," ಎಂದೆ. ತಮಾಷೆಗೆ ಹೇಳಿದ್ದು. ಹುಬ್ಬಳ್ಳಿಯಿಂದ ಬಂದ ಸರ್ವಿಸ್ ಎಂಜಿನಿಯರ್ ಡಬ್ಬಿಗೆ ಕಿವಿ ಹಚ್ಚಿ ಕೇಳಿ ಸೆಟೆದು ನಿಂತಾಗ ಅದು ತಮಾಷೆಯಾಗಿ ಉಳಿಯಲಿಲ್ಲ.

"ಮೇಡಂ, ಇದು ಭಾಳ ದಿನ ಬಾಳೂದಿಲ್ರಿ," ಎಂದ. ಪಕ್ಕದಲ್ಲಿ ನಮ್ಮ ದೊಡ್ಡ ಡಾಕ್ಟರಬಾಯಿ ನಿಂತಿದ್ದರು. ಇಂಥ ಮಾತನ್ನು ಬೇರೆಯವರಿಗೆ ಹೇಳಿ ರೂಢಿಯಿದ್ದವರು. ಕೇಳಿಸಿಕೊಳ್ಳುವ ಸರದಿ ಅವತ್ತು ಅವರದು. "ಮುಂದಿನ ಗುರುವಾರ ಹೊಸಾ ಡಿಸ್ಕ್ ತರತೀನ್ರಿ. ಹಳೇದು ಕಂಪನಿಗೆ ವಾಪಸ್ ಹೋಗಬೇಕು. ಅಷ್ಟರೊಳಗ ಒಳಗಿರೋದನ್ನೆಲ್ಲಾ ಫ್ಲಾಪಿಗೆ ಇಳಿಸಿಕೊಂಡು ಬಿಡ್ರಿ. ಆಮ್ಯಾಗ ನನ್ನ ಕೇಳಬ್ಯಾಡ್ರಿ."

ಒಳಗಿದ್ದದ್ದು ತಾಯಂದಿರು. ನಮ್ಮ ಜೀಪು ವಾರವಿಡೀ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹಳ್ಳಿಗಳನ್ನು ಸುತ್ತುತ್ತಿತ್ತು. ಹೋದಲ್ಲೆಲ್ಲ ಬಸುರಿಯರ ಹೆಸರು ಬರೆದು, ತೂಕ ನೋಡಿ, ಬೆರಳು ಚುಚ್ಚಿ ರಕ್ತದ ಗುಂಪು ತಿಳಿದು ಬರುತ್ತಿದ್ದರು. ಟೈಪ್ ಆದ ಮೇಲೆ ಕಾರ್ಡು ಆಯಾ ತಾಯಿಯ ಕೈಗೇ ಹೋಗುತ್ತಿತ್ತು, ಕೈಗೆ ಹೋದದ್ದು ಟ್ರಂಕಿನ ತಳ ಸೇರುತ್ತಿತ್ತು. ಡಾಕ್ಟರಬಾಯಿಗೆ ಬೇಕಾಗಿದ್ದವರು ಮುಖ್ಯವಾಗಿ ನೆಗೆಟಿವ್ ಗುಂಪಿನವರು. ತಾಯಿ ನೆಗೆಟಿವ್, ಹುಟ್ಟಿದ ಕೂಸು ಪಾಸಿಟಿವ್ ಆದರೆ ಹೆರಿಗೆಯಾದ ಮೂರು ದಿನದೊಳಗೆ ಆಕೆಗೆ ಒಂದು ಇಂಜೆಕ್ಷನ್ ಬೀಳಬೇಕು. ಬೀಳದಿದ್ದರೆ ಮುಂದಿನ ಕೂಸಿಗೆ ಗಂಡಾಂತರ.

ಆಕೆಯನ್ನು ಹುಡುಕುವುದೇ ಕಷ್ಟ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮ ಕಡೆಯ ರೂಢಿ. ಮುಂಡರಗಿಯ ಗಂಡನ ಮನೆಯಲ್ಲಿ ನಮ್ಮ ಜೀಪಿಗೆ ರಕ್ತ ಕೊಟ್ಟವಳು ಹೆರುವುದು ಶಿರಹಟ್ಟಿ ಕಡೆಯ ತವರೂರಿನಲ್ಲಿ. ಎಷ್ಟೋ ಮನೆತನಗಳಲ್ಲಿ ಮದುವೆಯ ದಿನ ಹುಡುಗಿಗೆ ಹೊಸ ಹೆಸರು ಬೇರೆ ಇಡುತ್ತಾರೆ. ಗಂಡನ ಮನೆಯಲ್ಲಿ ಸುಮಿತ್ರಾ ಆದವಳು ತವರಿಗೆ ಬಂದೊಡನೆ ಮತ್ತೆ ನೀಲವ್ವ. ಕಂಪ್ಯೂಟರಿಗೆ ಎರಡೂ ಗೊತ್ತಿದ್ದರಿಂದಲೇ ನಾವು ಅಂಥವರನ್ನು ಸಮಯಕ್ಕೆ ಸರಿಯಾಗಿ ಹಿಡಿಯುತ್ತಿದ್ದೆವು.

ಫ್ಲಾಪಿ ಎಣಿಸಿದೆವು. ಗದಗಿನ ಗಾಳಿ ಗೊತ್ತಲ್ಲ, ಕಿಟಕಿ ಮುಚ್ಚಿದರೂ ಧೂಳು ಒಳಗೆ. ಪೆಟ್ಟಿಗೆಯಲ್ಲಿ ಇದ್ದುದರಲ್ಲಿ ಓದಲು ಬರುವಂಥವು ಹತ್ತೇ ಹತ್ತು. ಒಂದೊಂದರಲ್ಲಿ ಹಿಡಿಸುವುದು ಮುನ್ನೂರರವತ್ತು ಕೆಬಿ. ಕಂಪ್ಯೂಟರಿನ ಜೊತೆಗೇ ಬಂದಿದ್ದ ಬ್ಯಾಕಪ್ ಕಮಾಂಡ್ ಇದ್ದದ್ದನ್ನು ಇದ್ದಂತೆಯೇ ಇಳಿಸುತ್ತಿತ್ತು. ಹಾಗೆ ಇಳಿಸಲು ಇಪ್ಪತ್ತಕ್ಕೂ ಹೆಚ್ಚು ಬೇಕು. ಹುಬ್ಬಳ್ಳಿಗೆ ಟ್ರಂಕ್ ಕಾಲ್ ಮಾಡಿದರೆ ಅಂಗಡಿಯವನು, "ಸ್ಟಾಕ್ ಇಲ್ರಿ, ಬೊಂಬಾಯಿಂದ ಬರಬೇಕು," ಎಂದ. ಫೈಲು ಕುಗ್ಗಿಸುವ ಪ್ರೋಗ್ರಾಮುಗಳು ಪರದೇಶದಲ್ಲಿ ಬಂದಿವೆ ಎಂದು ಎಂಜಿನಿಯರ್ ಕೇಳಿದ್ದನಂತೆ, ಕಂಡಿರಲಿಲ್ಲ.

ಡಾಕ್ಟರಬಾಯಿ ನನ್ನ ಮುಖವನ್ನೇ ನೋಡಿದರು. "ಇಪ್ಪತ್ತು ಹಾಸಿಗಿ ವಾರ್ಡಿನ್ಯಾಗ ನಾ ನಲವತ್ತು ಬಾಣಂತ್ಯಾರನ್ನ ಹಿಡಿಸೀನವಾ. ಹತ್ತು ಫ್ಲಾಪಿನ್ಯಾಗ ನಿನಗ ಹಿಡಿಸಾಕ ಬರೂದಿಲ್ಲೇನು?"

ಆ ಮಾತಿಗೆ ನನ್ನ ಮೈಯೆಲ್ಲ ಜುಮ್ಮೆಂದಿತು. ಐ ವಾಸ್ ಥ್ರಿಲ್ಡ್, ಬೇರೆ ಶಬ್ದವಿಲ್ಲ. ಬೆಳಗಾವಿಯ ಕಾನ್ವೆಂಟಿನಲ್ಲಿ ನಮಗೆ ಪ್ರೆಸಿ ಬರೆಸುತ್ತಿದ್ದರು: ಒಂದು ಪುಟದ ಪ್ಯಾಸೇಜನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸಬೇಕು, ಅರ್ಥ ಹೋಗಬಾರದು. ಐರಿಷ್ ಸಿಸ್ಟರ್ ಒಬ್ಬರು ನನ್ನ ಪ್ರೆಸಿಯ ಮೇಲೆ ಕೆಂಪು ಶಾಯಿಯಲ್ಲಿ "ನಾಟ್ ಎ ಡ್ರಾಪ್ ವೇಸ್ಟೆಡ್" ಎಂದು ಬರೆದದ್ದನ್ನು ನಾನು ಮದುವೆಯಾಗಿ ಗದಗಿಗೆ ಬಂದ ಮೇಲೂ ಮರೆತಿರಲಿಲ್ಲ. ಇಲ್ಲಿಯ ಪ್ರೆಸಿ ಇನ್ನೂ ಕಠಿಣ. ಕುಗ್ಗಿಸಿದ್ದನ್ನು ಮತ್ತೆ ಹಿಗ್ಗಿಸಿದಾಗ ಅಕ್ಷರಕ್ಕೆ ಅಕ್ಷರ ಮೊದಲಿನಂತೆಯೇ ಬರಬೇಕು.

ಪುಣೆಯ ಒಂದು ಸಣ್ಣ ಕೋರ್ಸಿನಲ್ಲಿ ಪ್ಯಾಸ್ಕಲ್ ಎಂಬ ಭಾಷೆ ಕಲಿತು ಬಂದಿದ್ದೆ. ಪ್ರೋಗ್ರಾಮ್ ಬರೆಯುವ ಮೊದಲು ಫೈಲಿನ ಒಳಗೆ ಏನಿದೆ ಎಂದು ನೋಡೋಣವೆಂದು ಒಂದು ತುಣುಕನ್ನು ಇದ್ದ ಹಾಗೆಯೇ ಪ್ರಿಂಟ್ ಮಾಡಿಸಿದೆ. ಕಾಗದ ಹರಡಿ ನೋಡಿದರೆ ನಗು ಬಂತು. ಎಲ್ಲೆಲ್ಲೂ ಖಾಲಿ! ಹೆಸರಿನ ಕಾಲಮ್ಮಿಗೆ ನಲವತ್ತು ಅಕ್ಷರದ ಜಾಗ ಕೊಟ್ಟಿದ್ದೆವು. ಕಮಲವ್ವ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಒಂಬತ್ತು ಅಕ್ಷರ, ಉಳಿದ ಜಾಗವೆಲ್ಲ ಬಿಳಿ. ನಾವು ಇಷ್ಟು ವರ್ಷ ಗಾಳಿಯನ್ನು ಕಾಪಾಡಿಕೊಂಡು ಬಂದಿದ್ದೆವು.

ಹೀಗಾಗಿ ಮೊದಲ ಹೆಜ್ಜೆ ತಾನೇ ತೋಚಿತು. ಖಾಲಿಯನ್ನೆಲ್ಲ ತೆಗೆದು ಹಾಕಬೇಕು. ಆದರೆ ಆಗ ಹೆಸರು ಎಲ್ಲಿ ಮುಗಿಯಿತು, ಗಂಡನ ಹೆಸರು ಎಲ್ಲಿ ಶುರುವಾಯಿತು ಎಂದು ತಿಳಿಯಲು ನಡುವೆ ಒಂದು ಗುರುತು ಬೇಕು. ಸ್ಕ್ರೀನಿನ ಮೇಲೆ ನನ್ನ ಕಣ್ಣಿಗೆ ಕಾಣುವ, ಯಾರ ಹೆಸರಿನಲ್ಲೂ ಬಾರದ ಗುರುತು. ಕೀಬೋರ್ಡ್ ತುಂಬ ಹುಡುಕಿ @ ಆರಿಸಿದೆ. ಶಾಲೆಯಲ್ಲಿ ಓದುವಾಗ ಅದು ಡಜನ್ ಬಾಳೆಹಣ್ಣಿನ ದರ ಬರೆಯುವ ಚಿಹ್ನೆ. ನಮ್ಮ ಫೈಲಿನಲ್ಲಿ ದರವೂ ಇಲ್ಲ, ಬಾಳೆಹಣ್ಣೂ ಇಲ್ಲ.

ಎರಡನೆಯ ಹೆಜ್ಜೆ ನನಗೆ ಇವತ್ತಿಗೂ ಇಷ್ಟ. ಊರುಗಳು ಮತ್ತೆ ಮತ್ತೆ ಬರುತ್ತವೆ: ಅಸುಂಡಿ, ಕೋಟುಮಚಗಿ, ಅಂತೂರ ಬೆಂತೂರ. ಪ್ರತಿ ಊರಿಗೂ ಒಂದು ನಂಬರು ಕೊಟ್ಟು, ಉದ್ದನೆಯ ಹೆಸರಿನ ಜಾಗದಲ್ಲಿ ಒಂದೇ ಬೈಟ್, ಅಂದರೆ ಒಂದು ಅಕ್ಷರದಷ್ಟೇ ಜಾಗದಲ್ಲಿ, ಆ ನಂಬರನ್ನು ಇಟ್ಟೆ. ನಮ್ಮ ಕಡೆ ಅಡ್ಡಹೆಸರೂ ಊರೇ ಅಲ್ಲವೇ? ಕೋಟುಮಚಗಿಯ ಒಬ್ಬಳ ಗಂಡನ ಹೆಸರು ಬಸಪ್ಪ ಅಸುಂಡಿ. ಅದೇ ನಂಬರು ಅಲ್ಲಿಯೂ ನಡೆಯಿತು! ಒಂದೇ ಕೀಲಿಕೈಯಿಂದ ಎರಡು ಬೀಗ ತೆಗೆದ ಖುಷಿ. ನಾನು ಕುರ್ಚಿಯಿಂದ ಎದ್ದು ಒಂದು ಸುತ್ತು ತಿರುಗಿ ಕೂತೆ. ಸಿಸ್ಟರ್ ಬಾಗಿಲಲ್ಲಿ ನಿಂತಿದ್ದರು.

"ಯಾಕ್ರಿ ಬಾಯಾರ, ನೆಟ್ಟಗ ಅದೀರಿಲ್ಲೋ?"

"ಭಾಳ ನೆಟ್ಟಗ ಅದೀನ್ರಿ."

ಆ ಖುಷಿಗೆ ಆಯುಷ್ಯ ಕಡಿಮೆ. ಕುಗ್ಗಿಸಿದ ಫೈಲನ್ನು ವಾಪಸ್ ಹಿಗ್ಗಿಸಲು ಹೊರಟರೆ ಅದು ಚೆನ್ನಾಗಿ ಓಡುತ್ತ ಬಂದು ಒಂದು ಕಡೆ ಸುಮ್ಮನೆ ನಿಂತುಬಿಡುತ್ತಿತ್ತು. ತಪ್ಪು ಎಂದೂ ಹೇಳುತ್ತಿರಲಿಲ್ಲ, ಫೈಲು ಮುಗಿಯಿತು ಎಂಬಂತೆ ನಡೆದುಕೊಳ್ಳುತ್ತಿತ್ತು. ಬೇರೆ ತುಣುಕು ಕೊಟ್ಟೆ, ಅದೂ ನಿಂತಿತು. ನಿಂತ ಜಾಗಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದರೆ ಪ್ರತಿ ಸಲವೂ ಮುಂಡರಗಿ. ಮುಂಡರಗಿ ಬಂತೋ, ಕಥೆ ಮುಗಿಯಿತು.

"ಕಡೀ ಸ್ಟಾಪ್ ಏನ್ರಿ ಅದು? ಎಲ್ಲಾರೂ ಇಳೀರಿ ಅಂತೈತಿ," ಎಂದು ಸಿಸ್ಟರ್ ನಕ್ಕರು.

ಕಾರಣ ಹುಡುಕಲು ಮ್ಯಾನ್ಯುಯಲ್ ಪುಸ್ತಕವನ್ನು ಅರ್ಧ ದಿನ ಓದಿದೆ. ಮುಂಡರಗಿಗೆ ನಾನು ಕೊಟ್ಟ ನಂಬರು ಇಪ್ಪತ್ತಾರು. ಆ ಕಾಲದ ಕಂಪ್ಯೂಟರ್ ಒಂದು ಫೈಲನ್ನು ಬರಹವೆಂದು ಓದುವಾಗ, ಇಪ್ಪತ್ತಾರನೆಯ ಸಂಕೇತ ಸಿಕ್ಕಿತೆಂದರೆ ಬರಹ ಅಲ್ಲಿಗೆ ಸಮಾಪ್ತಿ ಎಂದು ತಿಳಿಯುತ್ತದೆ. ಹೌ ಸಿಲ್ಲಿ! ಊರುಗಳ ನಂಬರನ್ನೆಲ್ಲ ನೂರಿಪ್ಪತ್ತೆಂಟರ ಮೇಲಕ್ಕೆ ಏರಿಸಿದೆ, ಫೈಲನ್ನು ಬರಹವೆಂದು ತೆರೆಯದೆ ಬರೀ ಬೈಟುಗಳ ಸಾಲು ಎಂದು ತೆರೆದೆ. ಮುಂಡರಗಿ ದಾಟಿತು. ಗದಗ-ಬೆಟಗೇರಿಯ ಹಳೆಯ ಒಂದು ತುಣುಕು ಅಕ್ಷರಶಃ ಸರಿಯಾಗಿ ವಾಪಸ್ ಬಂತು. ಎರಡು ಫೈಲುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವ ಕಮಾಂಡ್ ಇತ್ತು. ಅದು "ಫೈಲ್ಸ್ ಕಂಪೇರ್ ಓಕೆ" ಎಂದಾಗ ನಾನು ಡಾಕ್ಟರಬಾಯಿಯ ರೂಮಿಗೆ ಹೆಚ್ಚುಕಡಿಮೆ ಓಡಿಯೇ ಹೋದೆ.

"ಹಿಡಿಸ್ತೇನು?"

"ಇನ್ನೂ ಪೂರಾ ಹಚ್ಚಿಲ್ರಿ. ಆದ್ರ ಹಾದಿ ಸಿಕ್ಕತ್ರಿ."

"ಹಾದಿ ಸಿಕ್ಕರ ಸಾಲೂದಿಲ್ಲ, ಊರು ಮುಟ್ಟಬೇಕು," ಎಂದು ಅವರು ಸ್ಟೆತಸ್ಕೋಪ್ ಕೊರಳಿಗೆ ಹಾಕಿಕೊಂಡು ಲೇಬರ್ ರೂಮಿಗೆ ಹೋದರು.

ಪೂರ್ತಿ ಫೈಲನ್ನು ಪ್ರೋಗ್ರಾಮಿಗೆ ಹಚ್ಚಿದೆ. ಕುಗ್ಗಿಸಿ, ಅದೇ ಡಿಸ್ಕಿನ ಇನ್ನೊಂದು ಮೂಲೆಯಲ್ಲಿ ಹಿಗ್ಗಿಸಿ, ಹೋಲಿಸಿದೆ. ಹೋಲಿಸುವ ಕಮಾಂಡಿಗೆ ತಾಳ್ಮೆ ಕಡಿಮೆ. ಹತ್ತು ತಪ್ಪು ಕಂಡಿತೆಂದರೆ "ಟೆನ್ ಮಿಸ್‌ಮ್ಯಾಚಸ್" ಎಂದು ಹೇಳಿ ಎದ್ದು ಹೋಗುತ್ತದೆ. ಹಾಗೆಯೇ ಎದ್ದು ಹೋಯಿತು. ವಾಪಸ್ ಬಂದ ಫೈಲನ್ನು ತೆರೆದು ನೋಡಿದರೆ ಶಿರಹಟ್ಟಿಯ ಒಬ್ಬ ತಾಯಿಯ ಗಂಡನ ಜಾಗದಲ್ಲಿ ಲಲಿತಾ ಎಂದಿದೆ, ಊರಿನ ಜಾಗದಲ್ಲಿ ಫಕ್ಕೀರಪ್ಪ ಎಂದಿದೆ. ಎಲ್ಲ ಒಂದು ಮನೆ ಆಚೆ ಸರಿದಿದೆ. ರಕ್ತದ ಗುಂಪು ಇರಬೇಕಾದಲ್ಲಿ ಹೆರಿಗೆಯ ದಿನಾಂಕ. ಮುಂದೆ ಲಕ್ಷ್ಮೇಶ್ವರದಲ್ಲೂ ಹಾಗೆಯೇ, ಒಬ್ಬರಲ್ಲ ಇಬ್ಬರಲ್ಲ.

ಮೂಲ ಫೈಲಿನಲ್ಲಿ ಆ ಸಾಲು ತೆಗೆದೆ. ಇಂಗ್ಲಿಷ್ ಅಕ್ಷರಗಳಲ್ಲಿ ಹೀಗಿತ್ತು: ಯಲ್ಲವ್ವ @ ಲಲಿತಾ.

"ಸಿಸ್ಟರ್! ಇದೇನ್ರಿ ಇದು, ನಡುವ?"

"ಉರ್ಫ್ ಅಲ್ರಿ ಬಾಯಾರ? ತವರಿನ ಹೆಸರು ಉರ್ಫ್ ಗಂಡನ ಮನೀ ಹೆಸರು. ಕೋರ್ಟಿನಾಗ, ಪೊಲೀಸ್ ಕಚೇರಿನ್ಯಾಗ ಹಂಗ ಟೈಪ್ ಮಾಡ್ತಾರ. ನಮ್ಮಣ್ಣ ಕೋರ್ಟಿನಾಗ ಟೈಪಿಸ್ಟ್ ಇದ್ದ, ಅವನ ಕಡಿಂದ ಕಲ್ತೀನಿ."

"ನಮ್ಮ ತಾಯಂದಿರೇನು ಆರೋಪಿಗಳೇನ್ರಿ?"

"ಅಯ್ಯ, ನನಗೇನು ಗೊತ್ರಿ ನೀವು ಅದನ್ನ ಕತ್ತರಿ ಮಾಡ್ಕೊಂಡು ಕುಂತೀರಂತ!"

ಇಬ್ಬರೂ ನಕ್ಕೆವು, ಆಮೇಲೆ ಇಬ್ಬರಿಗೂ ನಗು ನಿಂತಿತು. ಗದಗಿನ ಮೊದಲ ಕ್ಯಾಂಪುಗಳಲ್ಲಿ ಒಂದೇ ಹೆಸರು ಬರೆದುಕೊಂಡಿದ್ದೆವು. ನಾನು ಪರೀಕ್ಷೆ ಮಾಡಿದ್ದು ಆ ತುಣುಕಿನ ಮೇಲೆ. ಹಳೆಯ ಮರಾಠಿ ಸಂಸ್ಥಾನಗಳ ಕೆಳಗಿದ್ದ ಲಕ್ಷ್ಮೇಶ್ವರ, ಶಿರಹಟ್ಟಿಯ ಕಡೆ ಉರ್ಫ್ ಇಲ್ಲದ ಹೆಂಗಸೇ ಅಪರೂಪ. ಹೋಲಿಸದೆ ಹಾಗೆಯೇ ಡಿಸ್ಕ್ ಕೊಟ್ಟು ಕಳಿಸಿದ್ದರೆ ಯಾರ ಹೆಸರನ್ನು ಕಳೆದುಕೊಳ್ಳಬಾರದಾಗಿತ್ತೋ ಅವರನ್ನೇ ಕಳೆದುಕೊಳ್ಳುತ್ತಿದ್ದೆವು.

@ ಬದಲು ಬೇರೆ ಚಿಹ್ನೆ ಹಾಕುವುದು ಎರಡು ನಿಮಿಷದ ಕೆಲಸ. ಕೈ ಕೀಬೋರ್ಡಿನ ಮೇಲೆ ಹೋಗಿಯೂ ಇತ್ತು. ಆದರೆ ನಾಳೆ ಇನ್ನಾರೋ ಆ ಚಿಹ್ನೆಯನ್ನೂ ಏನಕ್ಕೋ ಬಳಸಿದರೆ? ಗುರುತು ಇಟ್ಟು ನಡುವೆ ಕತ್ತರಿಸುವುದೇ ಬೇಡ ಎನ್ನಿಸಿತು. ಪ್ರತಿ ಹೆಸರಿನ ಮುಂದೆ ಅದು ಎಷ್ಟು ಅಕ್ಷರದ್ದು ಎಂದು ಮೊದಲೇ ಬರೆದುಬಿಟ್ಟರೆ, ಓದುವಾಗ ಅಷ್ಟನ್ನು ಎಣಿಸಿ ತೆಗೆದುಕೊಂಡರಾಯಿತು. ಒಳಗೆ ಏನೇ ಇರಲಿ. ಪ್ಯಾಸ್ಕಲ್ ತನ್ನ ಶಬ್ದಗಳನ್ನು ಒಳಗೊಳಗೆ ಇಡುವುದೂ ಹಾಗೆಯೇ. ನನ್ನ ಮೂಗಿನ ಕೆಳಗೇ ಇದ್ದ ಉಪಾಯ. ಬರೆದೆ, ಹಚ್ಚಿದೆ, ಹೋಲಿಸಿದೆ. ಓಕೆ! ಯಲ್ಲವ್ವಳೂ ಬಂದಳು, ಲಲಿತಾಳೂ ಬಂದಳು, ಇಬ್ಬರೂ ಒಬ್ಬಳೇ ಆಗಿ ಬಂದರು.

ಗಾತ್ರ ನೋಡಿದೆ. ಹದಿಮೂರು ಫ್ಲಾಪಿ.

ಹದಿಮೂರು! ಹತ್ತರ ಹತ್ತಿರಕ್ಕೆ ಬಂದು ನಿಂತಿತ್ತು. ಎಂಜಿನಿಯರನಿಗೆ ಫೋನ್ ಮಾಡಿದರೆ ಅವನ ಹತ್ತಿರ ಉತ್ತರ ತಯಾರಿತ್ತು. "ತವರಿನ ಹೆಸರು, ಅಪ್ಪನ ಹೆಸರು, ತವರೂರು, ಇಷ್ಟು ತಗದು ಒಗೀರಿ ಮೇಡಂ. ಆರಾಮ ಕುಂಡ್ರತೈತಿ. ಒಬ್ಬ ಮನಷ್ಯಾಗ ಒಂದು ಹೆಸರು ಸಾಕಾಗೂದಿಲ್ಲೇನ್ರಿ?"

ಲೆಕ್ಕ ಹಾಕಿದೆ. ಖರೆ, ಕೂರುತ್ತಿತ್ತು. ಡಿಸ್ಕಿನ ಕರಕರ ಈಗ ವೆರಾಂಡಕ್ಕೂ ಕೇಳುತ್ತಿತ್ತು. ಡಾಕ್ಟರಬಾಯಿಗೆ ಹೇಳಿದೆ. ಅವರು ಕೈ ತೊಳೆಯುತ್ತಿದ್ದವರು ನಲ್ಲಿ ಬಂದ್ ಮಾಡಲಿಲ್ಲ.

"ಒಂದು ಹೆಸರು ಬಿಟ್ರ ಉಳದದ್ದೆಲ್ಲಾ ಉಳೀತೈತೇನು?"

"ಉಳೀತೈತ್ರಿ."

"ಯಾವ ಹೆಸರು ಬಿಡತಿ?"

ಮನಸ್ಸಿನಲ್ಲೇ ಎರಡನ್ನೂ ತೂಗಿದೆ. ತವರಿನ ಹೆಸರು ಬಿಟ್ಟರೆ ಹೆರಿಗೆಯ ಹೊತ್ತಿಗೆ ಸಿಗುವುದಿಲ್ಲ. ಗಂಡನ ಮನೆಯ ಹೆಸರು ಬಿಟ್ಟರೆ ಜೀಪು ಹೋದಾಗ ಸಿಗುವುದಿಲ್ಲ. ಅವರು ಈಗ ನಲ್ಲಿ ಬಂದ್ ಮಾಡಿದರು. "ಬುಧವಾರದ ತನಕ ನೋಡು. ಆಗದಿದ್ರ ಬಿಟ್ಟು ಬಿಡು. ಅರ್ಧಾ ಖಬರ ಇದ್ದದ್ದು ಏನೂ ಇಲ್ಲದ್ದಕ್ಕಿಂತ ನೆಟ್ಟಗ." ಸರಿಯಾದ ಮಾತು. ಆದರೂ ರೂಮಿಗೆ ವಾಪಸ್ ಬರುವಷ್ಟರಲ್ಲಿ ಮನಸ್ಸಿನಲ್ಲಿ ನಿಶ್ಚಯ ಮಾಡಿಯಾಗಿತ್ತು: ಒಂದು ಹೆಸರನ್ನೂ ಬಿಡುವುದಿಲ್ಲ. ಜಾಗ ಬೇರೆ ಎಲ್ಲಾದರೂ ಇದೆ, ನನಗೆ ಕಾಣುತ್ತಿಲ್ಲ ಅಷ್ಟೆ.

ಕಂಡದ್ದು ಜೀಪು ಮುಟ್ಟಿದ ಊರಿನಲ್ಲಿ. ಮರುದಿನ ಅಸುಂಡಿಯ ಕ್ಯಾಂಪಿಗೆ ಬರೆದುಕೊಳ್ಳುವವರು ಕಡಿಮೆಯಿದ್ದರು, ನಾನೂ ಹೋದೆ. ಶಾಲೆಯ ಪಡಸಾಲೆಯಲ್ಲಿ ಹೆಂಗಸರು ಗೋಡೆಗುಂಟ ಸಾಲಾಗಿ ಕೂತಿದ್ದರು. ಒಬ್ಬಳ ಕಾರ್ಡು ತುಂಬಿದೆ: ಊರು ಅಸುಂಡಿ, ತಾಲೂಕು ಗದಗ, ಇವತ್ತಿನ ದಿನಾಂಕ, ಕ್ಯಾಂಪ್ ಇಂಥದು, ನೋಡಿದವರು ಇಂಥವರು. ಮುಂದಿನವಳದೂ ತುಂಬಿದೆ: ಊರು ಅಸುಂಡಿ, ತಾಲೂಕು ಗದಗ... ಕೈ ಬೇಸತ್ತಿತು. ಪಕ್ಕದಲ್ಲಿ ಸಿಸ್ಟರ್ ಸರಸರ ಬರೆಯುತ್ತಿದ್ದರು. ಇಣುಕಿ ನೋಡಿದರೆ ತಮ್ಮ ಹಾಳೆಯಲ್ಲಿ ಮೊದಲ ಹೆಂಗಸಿನ ವಿವರ ಪೂರ್ತಿ ಬರೆದು, ಕೆಳಗಿನವರಿಗೆಲ್ಲ ಊರಿನ ಜಾಗದಲ್ಲಿ ಎರಡೆರಡು ಗೀಟು ಎಳೆದಿದ್ದರು. ಮೇಲಿನಂತೆ. ಶಾಲೆಯಲ್ಲಿ ನಾವೆಲ್ಲ ಎಳೆದ ಡಿಟೋ ಗೀಟು, ನಾನೂ ಸಾವಿರ ಸಲ ಎಳೆದದ್ದು.

ನನ್ನ ಪೆನ್ನು ಗಾಳಿಯಲ್ಲೇ ನಿಂತಿತು. ನಮ್ಮ ಫೈಲಿನಲ್ಲಿ ತಾಯಂದಿರು ಬಂದಿರುವುದು ರಿಜಿಸ್ಟರ್ ನಂಬರಿನ ಕ್ರಮದಲ್ಲಿ. ನಂಬರು ಬಿದ್ದಿರುವುದು ಜೀಪು ಹೋದ ಕ್ರಮದಲ್ಲಿ. ಜೀಪು ಒಂದು ದಿನ ಒಂದು ಊರಿಗೆ ಹೋಗುತ್ತದೆ. ಅಂದರೆ ಆ ಇಡೀ ಫೈಲು ಒಂದರ ಹಿಂದೊಂದು ಪಡಸಾಲೆಯ ಸಾಲು. ಅರ್ಧಕ್ಕರ್ಧ ಕಾಲಮ್ಮುಗಳು ಮೇಲಿನಂತೆ! ರಿಜಿಸ್ಟರ್ ನಂಬರು ಕೂಡ ಮೇಲಿನದಕ್ಕೆ ಒಂದು ಸೇರಿಸಿದರೆ ಬಂತು, ಬರೆಯುವುದೇ ಬೇಡ.

"ಸಿಸ್ಟರ್, ಆತು!" ಎಂದು ಕೂಗಿಬಿಟ್ಟೆ.

ಗೋಡೆಗೆ ಒರಗಿ ಕೂತಿದ್ದ ಬಸುರಿಯೊಬ್ಬಳು ಬೆಚ್ಚಿ, "ಯಾರಿಗೆ ಆತ್ರಿ? ಗಂಡೋ ಹೆಣ್ಣೋ?" ಎಂದಳು. ಪಡಸಾಲೆಗೆ ಪಡಸಾಲೆಯೇ ನಕ್ಕಿತು.

ಆ ಮಧ್ಯಾಹ್ನ ಬರೆದ ಪ್ರೋಗ್ರಾಮಿನಷ್ಟು ಚಂದದ್ದನ್ನು ನಾನು ಮತ್ತೆ ಬರೆಯಲಿಲ್ಲ. ಒಬ್ಬೊಬ್ಬ ತಾಯಿಯ ಮುಂದೆ ಹೌದು-ಇಲ್ಲಗಳ ಒಂದು ಪುಟ್ಟ ಸರಣಿ: ಊರು ಮೇಲಿನಂತೆಯೇ? ಹೌದು. ದಿನಾಂಕ? ಹೌದು. ಹೆಸರು? ಇಲ್ಲ. ಇಲ್ಲ ಎಂದಲ್ಲಿ ಮಾತ್ರ ಬರಹ. ಎಂಟು ಹೌದು-ಇಲ್ಲ ಒಂದೇ ಬೈಟಿನಲ್ಲಿ ಕೂರುತ್ತವೆ. ಒಂದು ಭಯವಿತ್ತು. ಎಲ್ಲರೂ ಮೇಲಿನವಳನ್ನು ನಂಬಿಕೊಂಡಿದ್ದಾರೆ. ನಡುವೆ ಒಂದು ಫ್ಲಾಪಿ ಕೆಟ್ಟರೆ ಅದರ ಕೆಳಗಿನವರೆಲ್ಲ ಊರಿಲ್ಲದವರಾಗುತ್ತಾರೆ. ಹಾಗಾಗಿ ಪ್ರತಿ ಫ್ಲಾಪಿಯ ಮೊದಲ ತಾಯಿಯನ್ನು ಏನೂ ಬಿಡದೆ ಪೂರ್ತಿ ಬರೆಯುವುದು, ಊರುಗಳ ನಂಬರಿನ ಕೋಷ್ಟಕವನ್ನು ಪ್ರತಿ ಫ್ಲಾಪಿಯಲ್ಲೂ ಇಡುವುದು ಎಂದು ಗೊತ್ತು ಮಾಡಿದೆ. ಸ್ವಲ್ಪ ಜಾಗ ಹೋಗುತ್ತದೆ, ಹೋಗಲಿ. ಒಂದೊಂದು ಫ್ಲಾಪಿಯೂ ತನ್ನ ಕಾಲ ಮೇಲೆ ತಾನು ನಿಲ್ಲಬೇಕು.

ಆ ಜಾಗ ತೆತ್ತದ್ದು ಬುಧವಾರವೇ ಫಲ ಕೊಟ್ಟಿತು. ಐದನೆಯ ಫ್ಲಾಪಿ ತುಂಬುತ್ತಿರುವಾಗ ಕರೆಂಟು ಹೋಯಿತು. ಮೊದಲಿನ ರೀತಿಯಲ್ಲಾಗಿದ್ದರೆ ಒಂದರಿಂದ ಮತ್ತೆ ಶುರು. ಈಗ ಕರೆಂಟು ಬಂದೊಡನೆ ಐದನೆಯದನ್ನಷ್ಟೇ ಮತ್ತೆ ಹಾಕಿದೆ. ಆರು, ಏಳು. ಸಿಸ್ಟರ್ ನನ್ನ ಹಿಂದೆ ನಿಂತು ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿಕೊಂಡಿದ್ದರು. ಎಂಟನೆಯ ಫ್ಲಾಪಿ ಅರ್ಧ ತುಂಬಿತ್ತು, ಡ್ರೈವಿನ ಕೆಂಪು ದೀಪ ಆರಿತು. ಮುಗಿದಿತ್ತು!

"ಇನ್ನೆರಡು ಉಳದಾವಲ್ರಿ!" ಎಂದರು ಸಿಸ್ಟರ್.

ವಾಪಸ್ ಹಿಗ್ಗಿಸಿ ಹೋಲಿಸಿದೆ. ಫೈಲ್ಸ್ ಕಂಪೇರ್ ಓಕೆ. ಡಾಕ್ಟರಬಾಯಿ ಬಂದು ಎಂಟು ಫ್ಲಾಪಿಗಳ ಕಟ್ಟನ್ನು ಅಂಗೈ ಮೇಲಿಟ್ಟು ತೂಗಿ ನೋಡಿದರು, ಆಗ ಹುಟ್ಟಿದ ಕೂಸನ್ನು ತೂಗುವ ಹಾಗೆ. ಅವರ ಡಬ್ಬಿಯ ಪೇಡೆ ಸಂಜೆಯ ಚಹಾದ ಜೊತೆ ನನ್ನ ಟೇಬಲ್ಲಿಗೆ ಬಂತು.

ಗುರುವಾರ ಎಂಜಿನಿಯರ್ ಬಂದ. ಹಳೆಯ ಡಿಸ್ಕನ್ನು ತಿರುಪು ಬಿಚ್ಚಿ ತೆಗೆದು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ. ಈಗ ಹೋಲಿಸಿ ನೋಡಲು ಮೂಲವೇ ಇಲ್ಲ. ಇದ್ದದ್ದು ಆ ಎಂಟೇ. ಹೊಸ ಡಿಸ್ಕ್ ಬೆಕ್ಕಿನ ಹಾಗೆ ಮೆಲ್ಲಗೆ ಗುರುಗುಟ್ಟಿತು. ಒಂದೊಂದೇ ಫ್ಲಾಪಿ ಕೊಡುತ್ತ ಹೋದೆ. ಆರನೆಯದರಲ್ಲಿ ಡ್ರೈವ್ ತಡವರಿಸಿ, ಓದಲು ಆಗುತ್ತಿಲ್ಲ, ಬಿಡಲೇ, ಮತ್ತೆ ನೋಡಲೇ ಎಂದು ಕೇಳಿತು. ಮತ್ತೆ ನೋಡು ಎಂದೆ. ಮತ್ತೆ ಅದೇ ಪ್ರಶ್ನೆ. ಎಂಜಿನಿಯರ್ ಕುರ್ಚಿಯ ಹತ್ತಿರ ಬಂದು ಬಾಗಿದ. ಫ್ಲಾಪಿಯನ್ನು ಹೊರತೆಗೆದು, ಸೀರೆಯ ಸೆರಗಿನಿಂದ ಮೇಲಿನ ಧೂಳು ಒರೆಸಿ, ಹಾಕಿ, ಮತ್ತೆ ನೋಡು ಎಂದೆ. ಓದಿತು.

"ಪ್ರೋಗ್ರಾಮ್ ಯಾರು ಬರದಾರ್ರಿ?" ಎಂದ ಅವನು, ಎಲ್ಲ ಮುಗಿದ ಮೇಲೆ.

"ಬಾಯಾರ ಬರದಾರ. ಹೆಸರು ತಗದು ಒಗೀಲಿಲ್ಲ, ಹೆಂಗಸರು ನೋಡ್ರಿ," ಎಂದರು ಸಿಸ್ಟರ್. ಅವನ ಮುಖ ಕೆಂಪಾಯಿತು, ಆದರೂ ನಕ್ಕ. ಹೋಗುವಾಗ ಉಳಿದೆರಡರಲ್ಲಿ ಒಂದು ಫ್ಲಾಪಿಗೆ ನನ್ನ ಪ್ರೋಗ್ರಾಮನ್ನು ಹಾಕಿಸಿಕೊಂಡು ಹೋದ. ಹುಬ್ಬಳ್ಳಿಯಲ್ಲಿ ಎಷ್ಟು ಜನರಿಗೆ ಹಂಚಿದನೋ ತಿಳಿಯದು.

ಕೆಲವು ದಿನಗಳ ಮೇಲೆ ಲಕ್ಷ್ಮೇಶ್ವರದ ನಮ್ಮ ಕ್ಲಿನಿಕ್ಕಿನಿಂದ ಫೋನು ಬಂತು. ಲೈನು ಕೆಟ್ಟದ್ದು, ಅಲ್ಲಿಯ ನರ್ಸ್ ಕಿರುಚುತ್ತಿದ್ದಳು. ನಿನ್ನೆ ಒಬ್ಬಾಕೆ ತವರುಮನೆಯಲ್ಲಿ ಹೆತ್ತಿದ್ದಾಳೆ, ಹೆಸರು ಗಂಗವ್ವ, ಕಾರ್ಡು ಗಂಡನ ಮನೆಯಲ್ಲೇ ಉಳಿದಿದೆ, ಯಾವ ಗುಂಪು ಎಂದು ಆಕೆಗೆ ಗೊತ್ತಿಲ್ಲ. ನಾನು ಲಕ್ಷ್ಮೇಶ್ವರದ ಕ್ಯಾಂಪಿನಲ್ಲಿ ಬರೆಸಿದ ಗಂಗವ್ವರನ್ನು ತೆಗೆದೆ. ಇದ್ದವರಲ್ಲಿ ಯಾರಿಗೂ ಈಗ ಹೆರಿಗೆಯ ದಿನವಲ್ಲ. ಊರು ಬಿಟ್ಟು ಬರೀ ಹೆಸರಿನಿಂದ, ಹೆಸರಿನ ಯಾವ ಭಾಗದಲ್ಲಿದ್ದರೂ ಸರಿ ಎಂದು ಹುಡುಕಲು ಹಚ್ಚಿದೆ. ಹೊಸ ಡಿಸ್ಕ್ ಸದ್ದಿಲ್ಲದೆ ತಿರುಗಿತು. ಮುಂಡರಗಿ ತಾಲೂಕಿನ ಒಂದು ಸಾಲು ಬಂತು: ಗಂಗವ್ವ @ ಸರೋಜಾ. ತಂದೆಯ ಹೆಸರು ಕೇಳಿದೆ, ತಾಳೆಯಾಯಿತು. ಓ ನೆಗೆಟಿವ್.

"ಕೂಸಿನ ರಕ್ತ ನೋಡೀರೇನ್ರಿ?" ಎಂದು ಕೂಗಿದೆ.

"ಪಾಸಿಟಿವ್ ಐತ್ರಿ! ಗುಂಪು ನೋಡೋ ಔಷಧ ಅದಕ್ಕ ಮುಗದು ಹೋತ್ರಿ!"

ಡಾಕ್ಟರಬಾಯಿ ಫ್ರಿಜ್ ತೆಗೆದು ಇಂಜೆಕ್ಷನ್ನಿನ ಪುಟ್ಟ ಬಾಟಲಿಯನ್ನು ಮಂಜುಗಡ್ಡೆ ತುಂಬಿದ ಥರ್ಮಾಸಿನಲ್ಲಿ ಇಟ್ಟರು. ಜೀಪು ಹೊರಟು ನಿಂತಿತ್ತು. ನಾನು ನಿಂತಲ್ಲೇ ನಿಂತಿದ್ದೆ.

"ನೋಡಬೇಕನಸಾಕತ್ತೈತಲ್ಲಾ? ಹೋಗು, ಹತ್ತು," ಎಂದರು ಅವರು.

ದಾರಿಯುದ್ದಕ್ಕೂ ಥರ್ಮಾಸನ್ನು ತೊಡೆಯ ಮೇಲೆ ಹಿಡಿದಿದ್ದೆ. ಲಕ್ಷ್ಮೇಶ್ವರದ ಆ ಮನೆಯ ಒಳಕೋಣೆಯಲ್ಲಿ ಬಾಣಂತಿ ಕೂಸಿನ ಪಕ್ಕ ಮಲಗಿದ್ದಳು. ಹಣೆಗೆ, ಕಿವಿಗೆ ಬಟ್ಟೆ ಬಿಗಿದು ಕಟ್ಟಿದ್ದರು, ಕೋಣೆಯ ತುಂಬ ಲೋಬಾನದ ಹೊಗೆ. ನರ್ಸ್ ಸಿರಿಂಜ್ ತಯಾರು ಮಾಡಿದಳು. ಸೂಜಿ ಕಂಡು ಬಾಣಂತಿ ಮುಖ ತಿರುವಿದಳು.

"ಗಂಗೂ, ಅಂಜಬ್ಯಾಡವಾ, ಇಲ್ಲಿ ನೋಡು," ಎಂದಳು ತಲೆದೆಸೆಯಲ್ಲಿ ಕೂತ ಆಕೆಯ ತಾಯಿ.

ಕೂಸನ್ನು ನೋಡಲು ಮುಂಡರಗಿಯಿಂದ ಬಂದಿದ್ದ ನಾದಿನಿ ಇನ್ನೊಂದು ಕಡೆಯಿಂದ ಬಾಗಿ, "ಸರೋಜಕ್ಕಾ, ಆತು ತಗೋ, ಇನ್ನೊಂದೇ ಚಣ," ಎಂದಳು.

ಆಕೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಇಬ್ಬರಿಗೂ ಒಂದೇ ಸಲ, "ಹೂಂ," ಎಂದಳು.